ಒಂದೇ ಸೈಟಿನ ಕುಕೀ ಅಳಿಸಿದ್ದಕ್ಕೆ ಲಾಗಿನ್ ಸರಿಹೋಯಿತು

ಪಾಸ್‌ವರ್ಡ್ ಸರಿ ಇದ್ದರೂ ಒಂದು ಸೈಟು ನನ್ನನ್ನು ಮತ್ತೆ ಮತ್ತೆ ಲಾಗಿನ್ ಪುಟಕ್ಕೇ ತಂದು ನಿಲ್ಲಿಸುತ್ತಿತ್ತು. ಇನ್‌ಕಾಗ್ನಿಟೋ (ಖಾಸಗಿ) ಕಿಟಕಿಯಲ್ಲಿ ಮಾತ್ರ ಸಲೀಸಾಗಿ ಒಳಗೆ ಬಿಟ್ಟಿತು. ಅಲ್ಲಿ ಹಳೆಯ ಕುಕೀ (ಸೈಟು ನಮ್ಮ ಬ್ರೌಸರಿನಲ್ಲಿ ಉಳಿಸಿಡುವ ಚಿಕ್ಕ ಮಾಹಿತಿ) ಇರುವುದಿಲ್ಲ ಅಲ್ವಾ, ಹಾಗಾಗಿ ಅನುಮಾನ ಅದರ ಮೇಲೇ ಹೋಯಿತು.

ಇಂಥ ಹೊತ್ತಲ್ಲಿ ಬ್ರೌಸಿಂಗ್ ಡೇಟಾ ಪೂರ್ತಿ ಅಳಿಸಿ ಅನ್ನುವವರೇ ಜಾಸ್ತಿ. ಬೇಡ. ಸುಮ್ನೆ ಉಳಿದ ಸೈಟುಗಳಿಂದಲೂ ಲಾಗೌಟ್ ಆಗುತ್ತೀರಿ.

ಕ್ರೋಮ್‌ನಲ್ಲಿ ಆ ಸೈಟನ್ನೇ ತೆರೆದು, ವಿಳಾಸದ ಎಡಕ್ಕಿರುವ ಚಿಹ್ನೆ ಒತ್ತಿದೆ. 'ಕುಕೀಸ್ ಆಂಡ್ ಸೈಟ್ ಡೇಟಾ', ಅದರೊಳಗೆ 'ಮ್ಯಾನೇಜ್ ಆನ್-ಡಿವೈಸ್ ಸೈಟ್ ಡೇಟಾ'. ಸೈಟಿನ ಹೆಸರಿನ ಪಕ್ಕದ ಕಸದಬುಟ್ಟಿ ಒತ್ತಿ, ಪುಟ ರೀಲೋಡ್ ಮಾಡಿದೆ. ಈ ಸಲ ನೇರ ಒಳಗೆ ಹೋದೆ.

ಒಂದು ಎಚ್ಚರ: ಲಾಗಿನ್ ಇಲ್ಲದೆ ಆ ಸೈಟು ಬ್ರೌಸರಿನಲ್ಲೇ ಉಳಿಸಿಕೊಂಡ ಸೆಟ್ಟಿಂಗು, ಅರ್ಧ ಬರೆದ ಡ್ರಾಫ್ಟು ಕೂಡ ಇದರ ಜೊತೆ ಹೋಗಬಹುದು. ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ.