ಯಾರೂ ಇಲ್ದಿರೋ ಕ್ಲಿಫ್ ವ್ಯೂಪಾಯಿಂಟ್‌ಗೆ ಹೋಗ್ತಿದ್ರೆ, ವಾಪಸ್ ಬರೋ ಟೈಮಿಂದ ಲೆಕ್ಕ ಶುರು ಮಾಡಿ

ರೇಲಿಂಗು, ಪಾರ್ಕಿಂಗು, ಟಿಕೆಟ್ ಕೌಂಟರು ಎಲ್ಲಾ ಇರೋ ವ್ಯೂಪಾಯಿಂಟ್‌ಗೆ ಹೋಗೋಕೆ ಯಾರ ಸಲಹೆನೂ ಬೇಡ. ನಾನ್ ಹೇಳ್ತಿರೋದು ಬೇರೆ ಥರದ್ದು, ಮ್ಯಾಪಲ್ಲಿ ಬರೀ ಒಂದು ಚುಕ್ಕೆ ಇರತ್ತೆ, ರೋಡು ಅರ್ಧಕ್ಕೇ ಮುಗಿಯತ್ತೆ, ಆಮೇಲೆ ಒಂದು ಕಾಲ್ದಾರಿ, ಅದೂ ಕೊನೆಲಿ ಹುಲ್ಲೊಳಗೆ ಎಲ್ಲೋ ಮಾಯ ಆಗತ್ತೆ, ಮುಂದೆ ಸೀದಾ ಕೆಳಗೆ ಸಮುದ್ರ. ಇಂಥ ಕಡೆಗೆ ಹೋಗೋದು ಹೇಗೆ ಅಂತ ಎಲ್ರೂ ಪ್ಲಾನ್ ಮಾಡ್ತಾರೆ, ಬರೋದು ಹೇಗೆ ಅನ್ನೋದು ಮಾತ್ರ ಸೂರ್ಯ ಮುಳುಗಿದ್ಮೇಲೆ ನೆನಪಾಗತ್ತೆ. ಅದನ್ನ ಉಲ್ಟಾ ಮಾಡಿ.

ಮೊದ್ಲು ನಡೆಯೋ ಟೈಮ್. ವಿಲಿಯಂ ನೈಸ್ಮಿತ್ ಅಂತ ಒಬ್ಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹೇಳಿದ ಲೆಕ್ಕ ಇವತ್ತಿಗೂ ಕೆಲ್ಸಕ್ಕೆ ಬರತ್ತೆ: 5 ಕಿಲೋಮೀಟರ್‌ಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರೋದಕ್ಕೆ ಇನ್ನೊಂದು ಗಂಟೆ. ಅಂದ್ರೆ 4 ಕಿಲೋಮೀಟರ್ ದಾರಿ, 300 ಮೀಟರ್ ಏರು ಇದ್ರೆ ಹತ್ರ ಹತ್ರ ಒಂದೂ ಇಪ್ಪತ್ತು. ಆದ್ರೆ ಇದು ಗಟ್ಟಿ ಕಾಲಿನವರ ಲೆಕ್ಕ, ನಿಲ್ಲದೆ ನಡೆಯೋರ್ದು. ಫೋಟೋ, ಸುಸ್ತು, ಸಡ್ಲ ಕಲ್ಲು, ದಾರಿ ತಪ್ಪಿ ಐವತ್ತು ಹೆಜ್ಜೆ ವಾಪಸ್ ಬರೋದು ಎಲ್ಲಾ ಸೇರಿಸಿ ಅರ್ಧದಷ್ಟು ಜಾಸ್ತಿ ಹಾಕ್ಕೊಳ್ಳಿ, ಎರಡು ಗಂಟೆ ಅಂತಾನೇ ಇಟ್ಕೊಳ್ಳಿ. ಇಳಿಯೋಕೆ ಟೈಮ್ ಕಮ್ಮಿ ಸಾಕು ಅಂತ ಕಳೀಬೇಡಿ, ಸಡ್ಲ ಕಲ್ಲಿನ ಇಳಿಜಾರಲ್ಲಿ ಕಾಲು ಜಾರೋದು ಇಳಿಯುವಾಗ್ಲೇ.

ಈಗ ಸೂರ್ಯಾಸ್ತದ ಟೈಮ್ ನೋಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ತೋಳು ಚಾಚಿ ಬೆರಳು ಅಡ್ಡ ಹಿಡಿದು, ಸೂರ್ಯ ಮತ್ತೆ ದಿಗಂತದ ಮಧ್ಯೆ ಎಷ್ಟು ಬೆರಳು ಹಿಡಿಸತ್ತೋ ಅಷ್ಟು ಹದಿನೈದು ನಿಮಿಷ ಅಂತ ಒಂದು ಟ್ರಿಕ್ ಎಲ್ಲಾ ಕಡೆ ಓಡಾಡ್ತಿದೆ, ಅದನ್ನ ಪೂರ್ತಿ ನಂಬ್ಬೇಡಿ. ಭೂಮಧ್ಯರೇಖೆ ಹತ್ರದ ಜಾಗಗಳಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಕೆಳಗಿಳಿಯತ್ತೆ, ಗಂಟೆಗೆ 15 ಡಿಗ್ರಿ, ಒಂದು ಬೆರಳಿನ ಅಗಲ ಸುಮಾರು 2 ಡಿಗ್ರಿ, ಹಾಗಾಗಿ ಅಲ್ಲಿ ಒಂದ್ ಬೆರಳಿಗೆ ಏಳೆಂಟು ನಿಮಿಷ ಅಷ್ಟೇ. ಮುಳುಗಿದ್ಮೇಲಿನ ಬೆಳಕೂ ಅಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಹೋಗ್ಬಿಡತ್ತೆ, ಧ್ರುವದ ಕಡೆ ಹೋದಷ್ಟೂ ಜಾಸ್ತಿ ಹೊತ್ತು ಇರತ್ತೆ. ಸೂರ್ಯಾಸ್ತ ನೋಡ್ಲೇಬೇಕು ಅಂದ್ರೆ ವಾಪಸ್ ದಾರಿ ಕತ್ತಲಲ್ಲೇ ಅಂತ ಒಪ್ಕೊಂಡು ಹೋಗಿ, ದಾರಿಲಿ ಕಷ್ಟದ ಜಾಗ ಇದ್ರೆ ನೋಡೋ ಆಸೆ ಬಿಡಿ. ನನ್ ಪ್ರಕಾರ ಮುಳುಗೋಕೆ ಒಂದು ಗಂಟೆ ಮುಂಚಿನ ಬೆಳಕೇ ಚೆನ್ನ, ಬಂಡೆಗಳ ಬಣ್ಣ ಆಗ್ಲೇ ಕಾಣೋದು.

ಕ್ಲಿಫ್ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತಾನೂ ಮ್ಯಾಪಲ್ಲಿ ನೋಡ್ಕೊಳ್ಳಿ. ಪೂರ್ವಕ್ಕೆ ಮುಖ ಇರೋ ಕಡೆ ಹೋಗಿ ಸಮುದ್ರದಲ್ಲಿ ಸೂರ್ಯ ಮುಳುಗ್ಲಿಲ್ಲ ಅಂತ ಬೇಜಾರ್ ಮಾಡ್ಕೊಳ್ಳೋರಿದಾರೆ, ಏನ್ ಹೇಳೋದು. ಪಶ್ಚಿಮಕ್ಕಿದ್ರೆ ಮಧ್ಯಾಹ್ನದ ಮೇಲೆ ನೀರು ಪೂರ್ತಿ ಬೆಳ್ಳಗೆ ಕಣ್ ಚುಚ್ಚತ್ತೆ, ನೀಲಿ ಹಸಿರು ಬಣ್ಣ ಬೇಕಂದ್ರೆ ಸೂರ್ಯ ನಿಮ್ ಬೆನ್ನ ಹಿಂದೆ ಇರ್ಬೇಕು, ಅಂದ್ರೆ ಬೆಳಿಗ್ಗೆ. ಮಳೆ ಬಂದು ಬಿಟ್ಟ ಮಾರನೇ ದಿನ ಗಾಳಿಲಿರೋ ಧೂಳು ತೊಳೆದುಹೋಗಿ ದೂರದವರೆಗೂ ಕ್ಲಿಯರ್ ಆಗಿ ಕಾಣತ್ತೆ, ಆದ್ರೆ ಅವತ್ತೇ ಅಂಚು ಸಡ್ಲ ಆಗಿರತ್ತೆ. ಅದಕ್ಕೇ ಬರ್ತೀನಿ ಈಗ.

ಮೇಲೆ ನಿಂತಿರೋರಿಗೆ ಅಂಚು ಎಲ್ಲಿ ಅಂತ ಗೊತ್ತಾಗಲ್ಲ, ಇದೇ ಕ್ಲಿಫ್‌ನ ದೊಡ್ಡ ಸಮಸ್ಯೆ. ಅಲೆಗಳು ಬುಡವನ್ನ ತಿಂತಾ ಹೋಗ್ತವೆ, ಕೆಳಗೆ ಪೊಳ್ಳಾಗತ್ತೆ, ಮೇಲ್ಗಡೆ ಮಣ್ಣು ಹುಲ್ಲು ಮಾತ್ರ ಛಜ್ಜಾ ಥರ ಮುಂದಕ್ಕೆ ಚಾಚ್ಕೊಂಡಿರತ್ತೆ, ನೋಡೋಕೆ ಗಟ್ಟಿ ನೆಲಾನೇ. ಸುಣ್ಣಕಲ್ಲು, ಮರಳುಗಲ್ಲಿನ ಕ್ಲಿಫ್‌ಗಳಲ್ಲಿ ಇದು ಜಾಸ್ತಿ, ಗಟ್ಟಿ ಬಂಡೆ ಆದ್ರೂ ಬಿರುಕಿದ್ದ ಕಡೆ ಇಡೀ ತುಂಡೇ ಕಳಚ್ಕೊಳ್ಳತ್ತೆ. ಮುನ್ಸೂಚನೆ ಬರತ್ತೆ ಅಂತ ಕಾಯ್ಬೇಡಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ಕರಾವಳಿಲಿ ಲಂಡನ್ ಬ್ರಿಡ್ಜ್ ಅಂತ ಕರೀತಿದ್ದ ಬಂಡೆಯ ಕಮಾನು 1990ರ ಜನವರಿ 15ಕ್ಕೆ ಇದ್ದಕ್ಕಿದ್ದಂಗೆ ಕುಸಿದು, ಸಮುದ್ರದ ಕಡೆ ಉಳಿದ ತುಂಡಿನ ಮೇಲೆ ಇಬ್ರು ಸಿಕ್ಕಾಕ್ಕೊಂಡ್ರು, ಆಮೇಲೆ ಹೆಲಿಕಾಪ್ಟರಲ್ಲಿ ಇಳಿಸಿದ್ರು.

ಹಾಗಾಗಿ ಹೀಗ್ ಮಾಡಿ. ದಾರಿ ತಿರುವು ತಗೊಳ್ಳೋ ಕಡೆ ನಿಂತು, ನೀವ್ ನಿಲ್ಲಬೇಕು ಅಂತಿರೋ ಜಾಗನ ಪಕ್ಕದಿಂದ ನೋಡಿ, ಕೆಳಗೆ ಪೊಳ್ಳಿದ್ಯಾ, ಹೊಸದಾಗಿ ಬಿದ್ದ ಮಣ್ಣಿನ ಬಣ್ಣ ಬೇರೆ ಕಾಣ್ತಿದ್ಯಾ ಅಂತ. ನೆಲದಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಇದ್ರೆ ಅದರ ಆಚೆ ಕಾಲಿಡಲೇಬೇಡಿ. ಏನೂ ಕಾಣ್ಲಿಲ್ಲ ಅಂದ್ರೂ ಕಮ್ಮಿ ಅಂದ್ರೆ 5 ಮೀಟರ್ ಹಿಂದೆ ನಿಲ್ಲಿ, ಹುಲ್ಲಿನ ಮೇಲೆ ಇನ್ನೂ ಹಿಂದೆ. ಮುಂದೆ ಹೋದ್ರೆ ಜಾಸ್ತಿ ಕಾಣತ್ತೆ ಅನ್ನೋದೂ ಸುಳ್ಳು. ದಿಗಂತ ಎಷ್ಟು ದೂರ ಅನ್ನೋದು ಎತ್ತರಕ್ಕೆ ಸಂಬಂಧಿಸಿದ್ದು, ಎತ್ತರ ಮೀಟರಲ್ಲಿ ತಗೊಂಡು ಅದರ ವರ್ಗಮೂಲನ 3.57ರಿಂದ ಗುಣಿಸಿದ್ರೆ ದೂರ ಕಿಲೋಮೀಟರಲ್ಲಿ ಬರತ್ತೆ. 100 ಮೀಟರ್ ಮೇಲಿಂದ ಸುಮಾರು 36 ಕಿಲೋಮೀಟರ್. ಹತ್ತು ಹೆಜ್ಜೆ ಮುಂದೆ ಹೋದ್ರೆ ಅದಕ್ಕೆ ಏನೂ ಸೇರಲ್ಲ, ಬುಡದಲ್ಲಿ ಅಲೆ ಹೊಡೆಯೋದು ಕಾಣತ್ತೆ ಅಷ್ಟೇ, ಅದನ್ನ ಪಕ್ಕದ ತಿರುವಿಂದ ಇನ್ನೂ ಚೆನ್ನಾಗಿ ನೋಡ್ಬಹುದು. ಫೋಟೋ ತೆಗೆಯೋರಿಗೆ ಒಂದೇ ರೂಲು: ಸ್ಕ್ರೀನ್ ನೋಡ್ತಾ ಕಾಲು ಎತ್ತಬಾರ್ದು. ನಿಲ್ಲಿ, ತೆಗೀರಿ, ಫೋನ್ ಇಳಿಸಿ, ಆಮೇಲೆ ನಡೀರಿ. ನಿಮ್ಮನ್ನ ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿ "ಇನ್ನೊಂಚೂರು ಹಿಂದೆ ಹೋಗು" ಅಂತ ಹೇಳೋ ಫ್ರೆಂಡ್ ಇದ್ರೆ ಅವ್ನ ಕೈಗೆ ಕ್ಯಾಮೆರಾ ಕೊಡ್ಬೇಡಿ.

ಗಾಳಿ ವಿಷ್ಯ ಜನ ಹಗುರವಾಗಿ ತಗೋತಾರೆ. ಗಾಳಿ ವೇಗ ಎರಡು ಪಟ್ಟಾದ್ರೆ ಅದು ನೂಕೋ ಬಲ ನಾಲ್ಕು ಪಟ್ಟಾಗತ್ತೆ. ಸಮುದ್ರದಿಂದ ಬರೋ ಗಾಳಿ ಕ್ಲಿಫ್‌ಗೆ ಬಡಿದು ಮೇಲಕ್ಕೇರಿ ಅಂಚಿನ ಹತ್ರ ಜೋರಾಗತ್ತೆ, ಅದಾದ್ರೂ ನಿಮ್ಮನ್ನ ಒಳಗಡೆ ತಳ್ಳತ್ತೆ. ಭೂಮಿ ಕಡೆಯಿಂದ ಸಮುದ್ರಕ್ಕೆ ಬೀಸೋದು ನಿಜವಾದ ಅಪಾಯ, ಬೆನ್ನ ಹಿಂದಿಂದ ಬರತ್ತೆ, ಗೊತ್ತೂ ಆಗಲ್ಲ. ಹವಾಮಾನ ಆ್ಯಪಲ್ಲಿ ಸರಾಸರಿ ವೇಗ ನೋಡಿ ಸುಮ್ನಾಗ್ಬೇಡಿ, ಗಸ್ಟ್ ಅಂತ ಬೇರೆ ಇರತ್ತೆ ನೋಡಿ, ಅಂದ್ರೆ ಮಧ್ಯೆ ಮಧ್ಯೆ ಒಮ್ಮೆಲೇ ಜೋರಾಗಿ ಬೀಸೋ ಗಾಳಿಯ ವೇಗ, ಅದು ಗಂಟೆಗೆ 50 ಕಿಲೋಮೀಟರ್ ದಾಟಿದ್ರೆ ಅವತ್ತು ಬೇಡ. ಗುಡುಗು ಕೇಳಿಸಿದ್ರೆ ಬಯಲಲ್ಲಿ ನೀವೇ ಎಲ್ಲಕ್ಕಿಂತ ಎತ್ತರ, ತಕ್ಷಣ ಇಳೀರಿ. ಮಂಜು ಕವಿದ್ರೆ ಅದರ ಉಲ್ಟಾ, ಅಂಚಿನಿಂದ ದೂರ ಬಂದು ಕೂತ್ಕೊಳ್ಳಿ, ಕಾಯಿರಿ, ಅಂದಾಜಲ್ಲಿ ನಡೀಬೇಡಿ.

ಸಾಮಾನು ಜಾಸ್ತಿ ಬೇಡ. ಹಿಡಿತ ಇರೋ ಶೂ, ನೀರು, ಗಾಳಿ ತಡೆಯೋ ಒಂದು ಜಾಕೆಟ್, ತಲೆಗೆ ಕಟ್ಟೋ ಟಾರ್ಚು, ಪವರ್ ಬ್ಯಾಂಕು, ಒಂದು ಸೀಟಿ. ಸೀಟಿ ಯಾಕೆ ಅಂದ್ರೆ ಗಾಳಿಲಿ ಕೂಗಿದ್ದು ಕೇಳಲ್ಲ, ಒಂದು ನಿಮಿಷಕ್ಕೆ 6 ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಊದೋದು ಬೆಟ್ಟಗಳಲ್ಲಿ ಸಹಾಯ ಬೇಕು ಅನ್ನೋದರ ಗುರುತು.

ಫೋನ್ ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಸಿಗ್ನಲ್ ಇಲ್ದಿದ್ರೂ ಜಿಪಿಎಸ್ ಕೆಲ್ಸ ಮಾಡತ್ತೆ. ಗಾಡಿ ನಿಲ್ಲಿಸಿದ ಜಾಗಕ್ಕೆ ಪಿನ್ ಹಾಕಿ, ಕಾಲ್ದಾರಿ ಕವಲೊಡೆಯೋ ಕಡೆಗೂ ಹಾಕಿ, ಜೊತೆಗೆ ಹಿಂದೆ ತಿರುಗಿ ಆ ಜಾಗದ ಫೋಟೋ ತೆಗೆದಿಟ್ಕೊಳ್ಳಿ, ಬರುವಾಗ ಕಾಣೋದು ಆ ಕಡೆಯ ನೋಟ ತಾನೇ. ಎಲ್ಲಿಗೆ ಹೋಗ್ತಿದೀನಿ, ಎಷ್ಟೊತ್ತಿಗೆ ವಾಪಸ್, ಎಷ್ಟೊತ್ತಿನ ಮೇಲೂ ಫೋನ್ ಬರ್ಲಿಲ್ಲ ಅಂದ್ರೆ ಯಾರಿಗೆ ಹೇಳ್ಬೇಕು, ಇಷ್ಟನ್ನ ಒಬ್ರಿಗೆ ಕಳಿಸಿ. ಕಾಲ್ ಹೋಗ್ದಿರೋ ಕಡೆ ಎಷ್ಟೋ ಸಲ ಎಸ್ಸೆಮ್ಮೆಸ್ ಹೋಗತ್ತೆ.

ಕೆಳಗಿನ ಬೀಚಿಗೂ ಇಳಿಯೋ ಐಡಿಯಾ ಇದ್ರೆ ಉಬ್ಬರ ಇಳಿತದ ಟೈಮ್ ನೋಡದೆ ಇಳೀಬೇಡಿ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ನೀರು ಜಾಸ್ತಿ ಮೇಲೆ ಬರತ್ತೆ, ನೀವು ಬಂದ ದಾರಿನೇ ಮುಳುಗಿರತ್ತೆ. ನೆರಳಿದೆ ಅಂತ ಕ್ಲಿಫ್ ಬುಡಕ್ಕೆ ಒರಗಿ ಕೂರೋದೂ ಬೇಡ, ಮೇಲಿಂದ ಕಲ್ಲು ಉದುರತ್ತೆ. ಹಕ್ಕಿಗಳು ಬಂಡೆ ಸಂದಿಲಿ ಗೂಡು ಕಟ್ಟಿದ್ರೆ ದೂರ ಇರಿ, ಡ್ರೋನ್ ಹಾರಿಸ್ಬೇಡಿ, ಗಾಬರಿಯಾಗಿ ಎದ್ದ ಹಕ್ಕಿ ಮೊಟ್ಟೆನೇ ಕೆಳಗೆ ಬೀಳಿಸತ್ತೆ.

ಇಳಿಯುವಾಗ ಟಾರ್ಚು ಪೂರ್ತಿ ಕತ್ತಲಾಗೋ ತನಕ ಕಾಯದೇ ಹಾಕಿ, ಗುಂಪಲ್ಲಿದ್ರೆ ನಿಧಾನಕ್ಕೆ ನಡೆಯೋರು ಮುಂದೆ. ಗಾಡಿ ಹತ್ರ ಬಂದ ತಕ್ಷಣ, ಇಲ್ಲಾ ಸಿಗ್ನಲ್ ಸಿಕ್ಕ ತಕ್ಷಣ, ಹೇಳಿ ಬಂದೋರಿಗೆ "ಇಳಿದ್ವಿ" ಅಂತ ಒಂದು ಮೆಸೇಜ್ ಹಾಕಿ, ಮರೆತ್ರೆ ಅವ್ರು ಪಾಪ ರಾತ್ರಿಯೆಲ್ಲಾ ಜನ ಸೇರಿಸಿ ನಿಮ್ಮನ್ನ ಹುಡುಕ್ತಿರ್ತಾರೆ.