ಮನೆ ಬದಲಿಸ್ತಿದ್ದೀರಾ? ಬೆಕ್ಕಿಗೆ ಮೊದಲು ಒಂದೇ ಕೋಣೆ ಕೊಡಿ

ಹೊಸ ಮನೆಗೆ ಬಂದ ಕೂಡಲೇ ಬುಟ್ಟಿ ತೆರೆದು, 'ಹೋಗು, ಮನೆಯೆಲ್ಲ ನೋಡ್ಕೊಂಡು ಬಾ' ಅಂತ ಬೆಕ್ಕನ್ನು ಬಿಟ್ಟುಬಿಡುವವರನ್ನು ತುಂಬಾ ನೋಡಿದ್ದೇನೆ. ಮೈಸೂರಿನ ಸರಸ್ವತಿಪುರಂನಿಂದ ಬೋಗಾದಿಗೆ ಬಂದ ಪರಿಚಯದವರೊಬ್ಬರು ಹೀಗೇ ಬಿಟ್ಟರು. ಐದನೇ ದಿನ ಅದು ಹಳೇ ಮನೆಯ ಕಾಂಪೌಂಡ್ ಮೇಲೆ ಸಿಕ್ಕಿತು, ಅಂಗಾಲು ಸವೆದು ಕೆಂಪಾಗಿತ್ತು.

ವಾರ ಮುಂಚೆಯೇ ಬುಟ್ಟಿಯನ್ನು ಬೆಕ್ಕಿನ ಕಣ್ಣಿಗೆ ಬೀಳುವ ಕಡೆ ತೆರೆದಿಟ್ಟು ಒಳಗೆ ಹಳೇ ಟವೆಲ್ ಹಾಸಿ. ಸಾಮಾನು ಸಾಗಿಸುವ ದಿನ ಬೆಕ್ಕನ್ನು ಬಚ್ಚಲಲ್ಲಿಟ್ಟು ಚಿಲಕ ಹಾಕಿ. ಬೆನ್ನಿಗೆ ಹಾಕುವ ಪ್ಲಾಸ್ಟಿಕ್ ಗುಮ್ಮಟದ ಬ್ಯಾಗ್ ಮಾತ್ರ ಬೇಡ, ಬಿಸಿಲಲ್ಲಿ ಒಳಗೆ ಕುದಿಯುತ್ತದೆ.

ಹೊಸ ಮನೆಯಲ್ಲಿ ಒಂದು ಸಣ್ಣ ಕೋಣೆ ಗೊತ್ತು ಮಾಡಿ. ಅಲ್ಲಿ ಫಿನಾಯಿಲ್ ಹಾಕಿ ಒರೆಸಬೇಡಿ. ಬೆಕ್ಕು ಕಾಲು ನೆಕ್ಕುತ್ತದೆ ಅಲ್ವಾ, ಫಿನಾಯಿಲ್ ಹೊಟ್ಟೆಗೆ ಹೋಗುತ್ತದೆ, ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗಿಲ್ಲ. ನುಸಿಗುಳಿಗೆಯೂ ವಿಷವೇ. ಪರಿಚಯದ ವಾಸನೆ ಇರಲಿ ಅಂತ ಅದರ ಹಾಸಿಗೆ ಬಟ್ಟೆ ಒಗೆಯದೆ ತನ್ನಿ, ಅದು ಮಲಮೂತ್ರ ಮಾಡುವ ಹಳೇ ಟ್ರೇಯ ಮರಳು ಒಂದು ಹಿಡಿ ಹೊಸದಕ್ಕೆ ಬೆರೆಸಿ. ಸೆಂಟಿನ ಮರಳು ಬೇಡವೇ ಬೇಡ.

ಇನ್ನು ಕಷ್ಟದ ಘಟ್ಟ. ಬೆಕ್ಕು ಮಂಚದಡಿ ಸೇರಿಕೊಳ್ಳುತ್ತದೆ. ನಮ್ಮ ಬೆಳ್ಳ ಕಬ್ಬಿಣದ ಬೀರುವಿನ ಹಿಂದೆ ಮೂರು ದಿನ ಕೂತಿದ್ದ, ಟಾರ್ಚ್ ಬಿಟ್ಟರೆ ಎರಡು ಹಸಿರು ಕಣ್ಣು, ಮೀಸೆ ತುಂಬಾ ಜೇಡರ ಬಲೆ. ಎಳೆಯಬೇಡಿ. ಪೊರಕೆ ಹಾಕಿ ತಳ್ಳಬೇಡಿ. ಹೊಸ ಮನೆ ನೋಡಲು ಬಂದ ನೆಂಟರಿಗೆ ತೋರಿಸಲು ಅಂತೂ ಕರೆಯಲೇಬೇಡಿ. ಒಮ್ಮೆ ಎಳೆದರೆ ಆ ಮೂಲೆಯ ಮೇಲಿನ ನಂಬಿಕೆ ಹೋಗುತ್ತದೆ, ನಿಮ್ಮ ಮೇಲಿನದೂ. ಹತ್ತಿರದಲ್ಲೇ ನೆಲದ ಮೇಲೆ ಕೂತು ಸುಮ್ನೆ ಪೇಪರ್ ಓದಿ. ಅದು ನೋಡಿದರೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ, ದಿಟ್ಟಿಸಬೇಡಿ. ಬೇಯಿಸಿದ ಮೀನು ಅಥವಾ ಕೋಳಿಯನ್ನು ಉಗುರುಬೆಚ್ಚಗೆ ಮಾಡಿಟ್ಟರೆ ವಾಸನೆಗೆ ಮೂಗು ಹೊರಗೆ ಬರುತ್ತದೆ. ಹಾಲು ಬೇಡ, ಭೇದಿ ಆದೀತು.

ರಾತ್ರಿ ತಿಂದಿದೆಯಾ, ಟ್ರೇ ಒದ್ದೆಯಾಗಿದೆಯಾ, ಬೆಳಗ್ಗೆ ನೋಡಿ. 24 ಗಂಟೆ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಉಪವಾಸ ಇನ್ನೂ ಮುಂದುವರಿದರೆ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುವ ಅಪಾಯವಿದೆ, ದಪ್ಪ ಬೆಕ್ಕಿಗೆ ಜಾಸ್ತಿ. ಗಂಡು ಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಿದ್ದರೂ ಮೂತ್ರ ಬರುತ್ತಿಲ್ಲವಾದರೆ ಗಂಟೆ ಎಣಿಸಬೇಡಿ, ಕೂಡಲೇ ಕರೆದುಕೊಂಡು ಹೋಗಿ.

ಬಾಲ ಮೇಲೆತ್ತಿ ಕೋಣೆಯಲ್ಲಿ ಓಡಾಡತೊಡಗಿದ ಮೇಲೆ ಒಂದೊಂದೇ ಕೋಣೆ ತೆರೆಯಿರಿ. ಅದರ ಕೆನ್ನೆಗೆ ಬಟ್ಟೆ ಉಜ್ಜಿ, ಅದೇ ಬಟ್ಟೆಯನ್ನು ಬಾಗಿಲ ಮೂಲೆಗಳಿಗೆ ಅದರ ಎತ್ತರಕ್ಕೆ ಸವರಿದರೆ ಜಾಗ ತನ್ನದೇ ಅನಿಸುತ್ತದೆ. ಬಾಲ್ಕನಿಗೆ ಉಕ್ಕಿನ ಜಾಲರಿಯೇ ಆಗಬೇಕು. ಅಂಟಿಸುವ ಸೊಳ್ಳೆ ಪರದೆಯನ್ನು ಉಗುರಲ್ಲಿ ಸೀಳಿಬಿಡುತ್ತದೆ.

ಹೊರಗೆ ಬಿಡುವ ಅಭ್ಯಾಸವಿದ್ದರೆ ಕನಿಷ್ಠ 3 ವಾರ ತಡೆಯಿರಿ. ಮೊದಲ ಸಲ ಊಟಕ್ಕೆ ಮುಂಚೆ, ಹಸಿದಾಗ, ಹತ್ತೇ ನಿಮಿಷ ಬಿಟ್ಟು ತಟ್ಟೆ ಬಡಿದು ಕರೆಯಿರಿ. ದೀಪಾವಳಿ ಹತ್ತಿರವಿದ್ದರೆ ಪಟಾಕಿ ಮುಗಿಯಲಿ. ಹಳೇ ಮನೆ ಹತ್ತಿರದಲ್ಲೇ ಇದ್ದರೆ ಅಲ್ಲಿನ ಪಕ್ಕದ ಮನೆಯವರಿಗೆ ನಿಮ್ಮ ನಂಬರ್ ಕೊಟ್ಟು, ಬೆಕ್ಕು ಬಂದರೆ ಅನ್ನ ಹಾಕದೆ ಮೊದಲು ಫೋನ್ ಮಾಡಿ ಅಂತ ಹೇಳಿಬನ್ನಿ.