ಥೀಸಿಯಸ್‌ನ ಬುಡ ತಿರುಗಿಸಿದಾಗ

ನಾನು ಕೊಂಡ ಮೊದಲ ಕಂಚಿನ ಮೂರ್ತಿ ಕಂಚಿನದ್ದೇ ಆಗಿರಲಿಲ್ಲ.

ಕೆಲಸಕ್ಕೆಂದು ಪ್ಯಾರಿಸ್‌ಗೆ ಬಂದ ಹೊಸತು. ಹಳೇ ಸಾಮಾನಿನ ಸಂತೆಯೊಂದರಲ್ಲಿ ಕಾಲಿಗೆ ರೆಕ್ಕೆ ಇರುವ ರೋಮನ್ ದೇವತೆ ಮರ್ಕ್ಯುರಿಯ ಮೂರ್ತಿ ನೋಡಿ ಮರುಳಾದೆ. ಮನೆಗೆ ತಂದು ಬುಡ ತಿರುಗಿಸಿ, ಒಳಮೈಯನ್ನು ಚಾಕುವಿನ ತುದಿಯಿಂದ ಸ್ವಲ್ಪ ಕೆರೆದೆ. ಬೆಳ್ಳಗೆ ಹೊಳೆಯಿತು. ಸತು! ಕಂಚಾಗಿದ್ದರೆ ಹೊಂಬಣ್ಣ ಕಾಣಬೇಕಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಒಂದು ವರ್ಷ ಏನೂ ಕೊಳ್ಳಲಿಲ್ಲ. ಸುಮ್ನೆ ನೋಡಿದೆ. ಲೂವ್ರ್ ಮ್ಯೂಸಿಯಂನಲ್ಲಿ ಫ್ರೆಂಚ್ ಶಿಲ್ಪಿ ಆಂಟ್ವಾನ್ ಲೂಯಿ ಬಾರಿಯ ಕೆಲಸದ ಮುಂದೆ ಗಂಟೆಗಟ್ಟಲೆ ನಿಂತೆ. ಮಿನೋಟಾರ್ ಜೊತೆ ಸೆಣಸುವ ಗ್ರೀಕ್ ಪುರಾಣದ ವೀರ, ಅವನ ಥೀಸಿಯಸ್, 1843ರದ್ದು. ಎತ್ತಿನ ತಲೆಯ ರಾಕ್ಷಸ ಮೈಗೆ ಸುತ್ತಿಕೊಂಡಿದ್ದಾನೆ, ಥೀಸಿಯಸ್‌ನ ಮುಖದಲ್ಲಿ ಮಾತ್ರ ಸಿಟ್ಟೇ ಇಲ್ಲ. ನನ್ನನ್ನು ಹಿಡಿದಿದ್ದು ಆ ಶಾಂತಿಯೇ.

ಬಾರಿ 1848ರಲ್ಲಿ ದಿವಾಳಿಯಾದ. 1875ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಎಷ್ಟೋ ಮಾದರಿಗಳನ್ನು ಬಾರ್ಬೆದಿಯೆನ್ ಎರಕದ ಮನೆ ಕೊಂಡುಕೊಂಡಿತು. ದೊಡ್ಡ ಶಿಲ್ಪವನ್ನು ಅಳತೆ ತಪ್ಪದೆ ಚಿಕ್ಕದು ಮಾಡುವ ಯಂತ್ರ ಕಂಡುಹಿಡಿದ ಕೋಲಾಸ್ ಜೊತೆ 1838ರಲ್ಲೇ ಪಾಲುದಾರನಾಗಿದ್ದವನು ಈ ಬಾರ್ಬೆದಿಯೆನ್. ಗ್ರೀಕ್ ದೇವತೆಗಳು ಫ್ರಾನ್ಸ್‌ನ ಮಧ್ಯಮ ವರ್ಗದ ಮನೆಗಳಿಗೆ ಬಂದಿದ್ದು ಹೀಗೆ. ನನ್ನ ಥೀಸಿಯಸ್ ಕೂಡ ಬಾರ್ಬೆದಿಯೆನ್‌ನ ಎರಕ. ಕೊಳ್ಳುವಾಗ ಎರಕದ ಮನೆಯ ಮುದ್ರೆಯೊಂದನ್ನೇ ನಂಬಿ ಕೂರಲಿಲ್ಲ. ಕೂದಲಿನ ಎಳೆ, ಬೆರಳಿನ ಸಂದಿ, ಉಳಿ ಆಡಿಸಿದ ಗೆರೆ ಎಲ್ಲಾ ಚೂಪಾಗಿದೆಯೇ ಅಂತ ಟಾರ್ಚ್ ಹಿಡಿದು ನೋಡಿದೆ.

ಅಮ್ಮ ಹಾಸನದಿಂದ ಬಂದಾಗ, "ಮಹಿಷಾಸುರನ ಹಾಗೇ ಇದ್ದಾನಲ್ಲೋ! ಎಷ್ಟು ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ತಿಕ್ಕಿ ಕೊಡ್ಲಾ?" ಅಂದರು. ಓಡಿಹೋಗಿ ತಡೆದೆ. ಆ ಕಂದುಗಪ್ಪು ಬಣ್ಣ ಕೊಳೆಯಲ್ಲ, ಎರಕದವರು ಬಿಸಿ ಮತ್ತು ರಾಸಾಯನಿಕದಿಂದ ತಂದ ಪಟೀನಾ. ಅದು ಹೋದರೆ ಅರ್ಧ ಜೀವವೇ ಹೋದಂತೆ, ಅಲ್ವಾ? ಮೆತ್ತನೆಯ ಬ್ರಷ್, ಅಪರೂಪಕ್ಕೆ ತೆಳ್ಳಗೆ ಮೇಣ, ಅಷ್ಟೇ ಸಾಕು. ಈಗ ಅಮ್ಮನೇ ಧೂಳು ತೆಗೆಯುತ್ತಾರೆ, ಬಲು ನಾಜೂಕಾಗಿ.

ಬಾರಿಯ ಇನ್ನೊಂದು ಥೀಸಿಯಸ್ ಇದ್ದಾನೆ, ಬಿಯೆನೋರ್ ಎಂಬ ಸೆಂಟಾರ್‌ನ (ಅರ್ಧ ಮನುಷ್ಯ, ಅರ್ಧ ಕುದುರೆ) ಬೆನ್ನೇರಿದವನು. ಹೋದ ತಿಂಗಳು ಒಂದು ಸಿಕ್ಕಿತ್ತು. ಮುದ್ರೆಯೂ ಇತ್ತು. ಟೇಪ್ ಹಿಡಿದೆ. ಅಸಲಿಗಿಂತ ಚೂರು ಗಿಡ್ಡ. ಹಳೆಯ ಮೂರ್ತಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ, ಲೋಹ ತಣಿದಾಗ ಶೇ. 1ರಿಂದ 2ರಷ್ಟು ಕುಗ್ಗುತ್ತದೆ, ಜೊತೆಗೆ ಮುದ್ರೆಯೂ ನಕಲಾಗುತ್ತದೆ. ಕುದುರೆಯ ಬಾಲದ ಎಳೆಗಳು ಕರಗಿದ ಬೆಣ್ಣೆಯಂತಿದ್ದವು. ಮೆಲ್ಲಗೆ ಕೆಳಗಿಟ್ಟು ಬಂದೆ.